ರಾಜಧಾನಿಯ ಮತ, ತೆಂಗಿನ ಸೀಮೆಯ ಮತ

ತಿಪಟೂರಿನಲ್ಲಿ ರೈಲಿಳಿದು ಶೆಟ್ಟಿಕೆರೆಯ ಕಡೆ ಹೊರಟರೆ ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನ ತೋಟ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆ ಸೇರುತ್ತದೆ. ಆ ದುಡ್ಡಿನಲ್ಲಿ ಓದಿದ ಮಕ್ಕಳು ಸೇರುವುದು ಬೆಂಗಳೂರನ್ನು. ತಿಪಟೂರಿನಿಂದ ಅಲ್ಲಿಗೆ ಸುಮಾರು 140 ಕಿಲೋಮೀಟರ್, ಅಷ್ಟೆ. ಮತಗಟ್ಟೆಯಲ್ಲಿ ಮಾತ್ರ ಈ ಎರಡೂ ಕಡೆಯವರು ಬಲು ದೂರ.

2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯಲ್ಲಿ, ಶೆಟ್ಟಿಕೆರೆಯನ್ನು ಒಳಗೊಂಡ ತುಮಕೂರು ಕ್ಷೇತ್ರದಲ್ಲಿ ಶೇ 78ರಷ್ಟು ಮತದಾನವಾಯಿತು. ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53. ಅಂದು ಶುಕ್ರವಾರ, ಹಾಗಾಗಿ ಸಾಲು ರಜೆಯನ್ನು ದೂರಿದವರುಂಟು. ಆದರೆ 2023ರ ವಿಧಾನಸಭಾ ಚುನಾವಣೆ ನಡೆದದ್ದು ಬುಧವಾರ! ಆಗಲೂ ರಾಜ್ಯ ಶೇ 73 ದಾಟಿದರೆ ರಾಜಧಾನಿ ಶೇ 55ರ ಆಸುಪಾಸಿನಲ್ಲೇ ನಿಂತಿತು.

ಮತ ಯಾರಿಗೆ ಎಂಬುದರಲ್ಲೂ ರಾಜಧಾನಿಯ ದಾರಿ ಬೇರೆ. 2023ರಲ್ಲಿ ರಾಜ್ಯದ 224 ಸ್ಥಾನಗಳಲ್ಲಿ 135 ಕಾಂಗ್ರೆಸ್ಸಿಗೆ. ಬೆಂಗಳೂರಿನ 28ರಲ್ಲಿ ಬಿಜೆಪಿಗೇ 16. ಅವುಗಳಲ್ಲಿ ಜಯನಗರ ದಕ್ಕಿದ್ದು ಕೇವಲ 16 ಮತಗಳಿಂದ. 2018ರಲ್ಲಿ ಇದಕ್ಕೆ ತಿರುವುಮುರುವು: ರಾಜ್ಯದಲ್ಲಿ ಬಿಜೆಪಿ ದೊಡ್ಡ ಪಕ್ಷ, ರಾಜಧಾನಿಯಲ್ಲಿ ಕಾಂಗ್ರೆಸ್ಸೇ ಮುಂದು. ಅಮೆರಿಕದ ಟೆಕ್ಸಾಸ್ ರಾಜ್ಯ ರಿಪಬ್ಲಿಕನ್ನರ ಕಡೆ ನಿಂತರೂ ಅದರ ರಾಜಧಾನಿ ಆಸ್ಟಿನ್ ಡೆಮಾಕ್ರಟರನ್ನು ಬಿಡುವುದಿಲ್ಲ. ಬೆಂಗಳೂರಿಗೆ ಅಂಥ ಹಟವೂ ಇಲ್ಲ.

ತೆಂಗಿನ ಸೀಮೆಯಾದರೂ ಒಂದೇ ಮಾತಿನದೇ? 2023ರಲ್ಲಿ ತಿಪಟೂರು ಕಾಂಗ್ರೆಸ್ಸಿಗೆ ಒಲಿಯಿತು, ಪಕ್ಕದ ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಜೆಡಿಎಸ್‌ಗೆ. ಅಂದಿನ ಇಬ್ಬರು ಸಚಿವರು ಇಲ್ಲಿ ಸೋತರು.

ನಗರದ ಶೇಕಡಾವಾರು ಕುಸಿಯಲು ಸೋಮಾರಿತನವೊಂದೇ ಕಾರಣವಲ್ಲ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ಬಡಾವಣೆಯ ಪಟ್ಟಿಯಲ್ಲೇ ಉಳಿಯುತ್ತದೆ. ನಗರದ ಪಟ್ಟಿಗೂ ಸೇರಿ ಊರಲ್ಲಿ ಮತ ಹಾಕುವವರೂ ಇದ್ದಾರೆ. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಊರಿನಲ್ಲಾದರೂ ಸರಿ, ಓದುವ ನಗರದಲ್ಲಾದರೂ ಸರಿ, ಒಂದು ಕಡೆ ಹೆಸರು ಬರೆಸಬಹುದು. ಹೊಸಬರಿಗೆ ನಮೂನೆ 6, ವಿಳಾಸ ಬದಲಿಸುವವರಿಗೆ ನಮೂನೆ 8.

ಆಯ್ಕೆ ಸುಲಭವಲ್ಲ. ಊರಿನ ಕೆರೆ, ಕೊಬ್ಬರಿಯ ಬೆಲೆ ಒಂದು ಕಡೆ; ದಿನಾ ಕಾಯುವ ಸಿಟಿ ಬಸ್ಸು, ಕುಡಿಯುವ ನೀರು ಇನ್ನೊಂದು ಕಡೆ. ಹೆತ್ತವರು ಊರಿನ ಪಟ್ಟಿಯಿಂದ ಮಗನ ಹೆಸರು ತೆಗೆಸಲು ಒಪ್ಪುವುದಿಲ್ಲ. ಮತದಾನದ ಹಿಂದಿನ ಸಂಜೆ ಮೆಜೆಸ್ಟಿಕ್ಕಿನಲ್ಲಿ ತಿಪಟೂರು ಬಸ್ಸಿನ ಬಾಗಿಲಿಗೆ ಜೋತುಬೀಳುವವರಲ್ಲಿ ಅಂಥ ಮಕ್ಕಳೂ ಇರುತ್ತಾರೆ.