ತಾಯಿಯ ಸಹಿ

ನಮ್ಮ ಸಿದ್ದಾಪುರ ಸೀಮೆಯ ತೋಟದ ಮನೆಗಳಲ್ಲಿ ದತ್ತು ಎಂಬುದು ಹೊಸ ಶಬ್ದವಲ್ಲ. ಮಕ್ಕಳಿಲ್ಲದ ಮನೆಗೆ ದಾಯಾದಿಗಳ ಮನೆಯಿಂದ ಒಬ್ಬ ಮಾಣಿ ಹೋಗುತ್ತಾನೆ, ಅಡಿಕೆ ತೋಟ ಮನೆತನದಲ್ಲೇ ಉಳಿಯುತ್ತದೆ. ಎಲ್ಲರಿಗೂ ಸಮಾಧಾನ. ಕೊಟ್ಟ ತಾಯಿಯ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಕಾನಸೂರಿನ ಹತ್ತಿರದ ನನ್ನ ದೊಡ್ಡಮ್ಮ 1964ರಲ್ಲಿ ತನ್ನ ಎರಡನೆಯ ಮಗನನ್ನು ಕೊಟ್ಟಳು. ದೊಡ್ಡಪ್ಪ ಕೊಟ್ಟ ಎನ್ನುವುದೇ ಸರಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಕೊಡುವ ಹಕ್ಕು ತಂದೆಗೆ, ತಾಯಿಯ ಒಪ್ಪಿಗೆಯೂ ಬೇಕು ಎಂದಿತ್ತು. ಪತ್ರದಲ್ಲಿ ಒಪ್ಪಿಗೆ ಇದೆ. ನಾಲ್ಕನೆಯ ತರಗತಿ ಓದಿದವಳ ದುಂಡು ಅಕ್ಷರ. "ಎನ್ನ ಕೇಳಿದ್ವಿಲ್ಲೆ. ಸಹಿ ಎಲ್ಲಿ ಹಾಕವು ಹೇಳಿ ಹೇಳಿದ್ದು, ಅಷ್ಟೇಯ" ಎನ್ನುತ್ತಿದ್ದಳು. ಕ್ರಮಬದ್ಧವಾಗಿ ಆದ ದತ್ತಕವನ್ನು ಆಮೇಲೆ ಯಾರೂ ರದ್ದುಪಡಿಸುವಂತಿಲ್ಲ, ಮಗುವೂ ಹುಟ್ಟಿದ ಮನೆಗೆ ಮರಳುವಂತಿಲ್ಲ. ಅವನು ಅವಳನ್ನು ಚಿಕ್ಕಿ ಎಂದು ಕರೆದ. ಹಬ್ಬಕ್ಕೆ ಬಂದಾಗ ಅವನ ದೋಸೆಗೆ ಒಂದು ಚಮಚ ತುಪ್ಪ ಹೆಚ್ಚು ಬಿದ್ದರೆ ಅದರ ಮೇಲೂ ಅತ್ತೆಯ ಕಣ್ಣು. ಬೇಸಾಯದ ಗಡಿಗೆ, ನೀರಿನ ಪಾಲಿಗೆ ಮೇಲ್ಮನವಿ ಹಾಕುತ್ತಿದ್ದ ಊರಿನಲ್ಲಿ ಇದಕ್ಕೂ ಒಂದು ಮೇಲಿನ ಕೋರ್ಟು ಇರಬಹುದೆಂದು ಹೆಂಗಸರಿಗೆ ಹೊಳೆದಿರಲಿಲ್ಲ.

ಆ ಕಾಯ್ದೆಗೆ ತಿದ್ದುಪಡಿಯಾಗಿ ತಾಯಿಗೂ ಸಮಾನ ಹಕ್ಕು ಬಂದದ್ದು 2010ರಲ್ಲಿ. ದೊಡ್ಡಮ್ಮ ಆಗ ಇರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಮನೆತನದೊಳಗಿನ ದತ್ತಕಕ್ಕೆ ಅದು ಅನ್ವಯಿಸದು.

ಸಹಿಯ ವಿಷಯ ಬಂದಾಗ ಲೇಖಕಿ ಗೀತಾ ಹರಿಹರನ್ ನೆನಪಾಗುತ್ತಾರೆ. 1984ರಲ್ಲಿ ಅವರು ಗಂಡನ ಒಪ್ಪಿಗೆಯಿಂದಲೇ ಮಗನ ಹೆಸರಿಗೆ ರಿಸರ್ವ್ ಬ್ಯಾಂಕಿನ ಬಾಂಡ್‌ಗೆ ಅರ್ಜಿ ಹಾಕಿದರೆ, ತಂದೆಯ ಸಹಿ ತನ್ನಿ ಎಂಬ ಉತ್ತರ ಬಂತು. ಸಹಜ ಪಾಲಕ ತಂದೆ, ಅವನ 'ಅನಂತರ' ತಾಯಿ ಎಂದು ಕಾನೂನು. 1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು, ಆ 'ಅನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನು ಹೊಣೆ ಹೊರದೆ ಇದ್ದಾಗ ಎಂದೂ ಆಗುತ್ತದೆ ಎಂದಿತು. ಶಬ್ದವನ್ನು ತೆಗೆಯಲಿಲ್ಲ, ಅರ್ಥವನ್ನು ಹಿಗ್ಗಿಸಿತು. ನನಗೆ ಅಷ್ಟು ಸಾಲದು ಅನಿಸಿದೆ.

ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಮೂರು ವರ್ಷದ ಹಿಂದೆ ಕೆಳಗಿನ ನ್ಯಾಯಾಲಯದಲ್ಲಿ ಸೋಲಾಯಿತು. ಏಳು ವರ್ಷದ ಮಗ ತಂದೆಯ ಬಳಿ ಇರಲಿ ಎಂಬ ಆದೇಶ. ಅವನಿಗೆ ಮನೆಯಿದೆ, ತೋಟವಿದೆ. ಇವಳಿಗೆ ಬಾಡಿಗೆ ಕೋಣೆ, ಹೊಲಿಗೆ ಯಂತ್ರ. ಮೊದಲಾಗಿದ್ದರೆ ಮೇಲ್ಮನವಿಗೆ ಬೆಂಗಳೂರಿಗೇ ಓಡಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಶುರುವಾದದ್ದು ನಮ್ಮಂಥವರಿಗೆ ದೊಡ್ಡ ಅನುಕೂಲ. ಜೊತೆಗೆ ನಾನೂ ಹೋದೆ.

ಮೇಲಿನ ಕೋರ್ಟಿನಲ್ಲಿ ಮತ್ತೆ ಸಾಕ್ಷಿಗಳ ಗಲಾಟೆ ಇರುವುದೆಂದು ನಾನು ಅಂದುಕೊಂಡಿದ್ದೆ. ಅಲ್ಲಿ ನಡೆಯುವುದು ಹೆಚ್ಚಾಗಿ ಕಾಗದದ ಓದು: ಕೆಳಗಿನವರು ಏನನ್ನು ಲೆಕ್ಕಕ್ಕೆ ಹಿಡಿದರು, ಏನನ್ನು ಬಿಟ್ಟರು? ಮಕ್ಕಳು ಆಸ್ತಿಯೂ ಅಲ್ಲ, ತಂದೆತಾಯಿಯ ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲಿಯೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತ್ತಂತೆ. ವಕೀಲರು ಅದನ್ನೇ ಓದಿದರು. ಹಕ್ಕು ಯಾರದು ಎನ್ನುವುದಕ್ಕಿಂತ ಮಗುವಿನ ಹಿತ ಮೇಲು. ಮಗುವಿಗೆ ತಿಳುವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಗಮನಿಸಬಹುದೆಂದು 1890ರ ಪಾಲಕರ ಕಾಯ್ದೆಯಲ್ಲಿಯೇ ಇದೆ. ನ್ಯಾಯಮೂರ್ತಿಗಳು ಹುಡುಗನನ್ನು ಒಳಗೆ ಕರೆಸಿಕೊಂಡರು. ಹೊರಗೆ ಬೆಂಚಿನ ಎರಡು ತುದಿಗೆ ಗಂಡ ಹೆಂಡತಿ, ನಡುವೆ ನಾನು. ಅಂಥ ಹದಿನೈದು ನಿಮಿಷ ಯಾರಿಗೂ ಬೇಡ.

ಶಾಲೆಯ ದಿನಗಳಲ್ಲಿ ತಾಯಿಯ ಹತ್ತಿರ, ಬೇಸಗೆ ರಜೆಗೆ ತಂದೆಯ ಹತ್ತಿರ ಎಂದಾಯಿತು. ಪರಿಸ್ಥಿತಿ ಬದಲಾದರೆ ಈ ಏರ್ಪಾಡೂ ಬದಲಾಗಬಹುದು, ಇಂಥ ಆದೇಶ ಎಂದಿಗೂ ಕೊನೆಯ ಮಾತಲ್ಲ ಎಂದು ವಕೀಲರು ಎಚ್ಚರಿಸಿದ್ದಾರೆ. ಅವಳಿಗೆ ಆ ಭಯ ಇದ್ದೇ ಇದೆ.

ಕಳೆದ ಏಪ್ರಿಲ್‌ನಲ್ಲಿ ತಂದೆ ಬಂದು ಹುಡುಗನನ್ನು ಕರೆದುಕೊಂಡು ಹೋದ. ಚೀಲಕ್ಕೆ ಬಟ್ಟೆ ತುಂಬಿದ ಮೇಲೆ ಅವಳು ಒಂದು ಕಟ್ಟು ಹಲಸಿನ ಹಪ್ಪಳವನ್ನೂ ಇಟ್ಟಳು, ಅವನ ಅಜ್ಜಿಗೆಂದು.