ಮೂವತ್ತೇಳರಿಂದ ಇಪ್ಪತ್ತಕ್ಕೆ

ಪ್ರಿಯ ಮಿತ್ರರೇ,

ನಿಮ್ಮ ಕಾಗದ ನಿನ್ನೆ ಸಂಜೆ ಕೈಸೇರಿತು. ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರಿಗೆ 20 ದಿನ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟರೆ ಸಾಕು ಎಂದು ಡಾಕ್ಟರು ಹೇಳಿದ್ದು ಕೇಳಿ ನಿಮಗೆ ನಿರಾಳವಾಗಿಲ್ಲ, ದಿಗಿಲಾಗಿದೆ. ‘ವಯಸ್ಸಾದವರು ಅಂತ ಅರ್ಧಕ್ಕೇ ಕೈಬಿಡುತ್ತಿದ್ದಾರಾ?’ ಎಂದು ಬರೆದಿದ್ದೀರಿ. ಆ ಸಾಲು ಮನಸ್ಸಿನಿಂದ ಹೋಗಲಿಲ್ಲ. ಬೆಳಗಾಗುತ್ತಲೇ ಬರೆಯಲು ಕೂತಿದ್ದೇನೆ.

ಇಲ್ಲ, ಯಾರೂ ಕೈಬಿಡುತ್ತಿಲ್ಲ.

ಬ್ರಿಟನ್ನಿನ ಮುಂದಾಳತ್ವದಲ್ಲಿ ‘ಚಿಪ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2002ರಿಂದ 2011ರವರೆಗೆ 3,216 ಗಂಡಸರು ಸೇರಿದರು. ಎಲ್ಲರದೂ ಬೇರೆಡೆಗೆ ಹರಡದ ಕ್ಯಾನ್ಸರ್. ಕೆಲವರಿಗೆ ಹಳೆಯ ಪದ್ಧತಿಯಂತೆ ದಿನಕ್ಕೆ 2 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), 37 ಸಲ. ಇನ್ನು ಕೆಲವರಿಗೆ ದಿನಕ್ಕೆ 3 ಗ್ರೇ, 20 ಸಲ. 2016ರಲ್ಲಿ ಫಲಿತಾಂಶ ಬಂತು: ಐದು ವರ್ಷದ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ನೋಡುವ ಪಿಎಸ್‌ಎ ಮಟ್ಟ ಮತ್ತೆ ಏರದೆ, ರೋಗ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 88.3, ಎರಡನೆಯದರಲ್ಲಿ ಶೇ. 90.6. ಆದರೆ ಒಂದೇ ಒಂದು ಸಲ ಕಡಿಮೆ, ಅಂದರೆ 19 ಸಲ ಕೊಟ್ಟ ಮೂರನೆಯ ಗುಂಪು ಶೇ. 85.9ಕ್ಕೆ ನಿಂತಿತು, ಹಳೆಯ ಪದ್ಧತಿಗೆ ಸಮ ಎನ್ನಲು ಅದು ಸಾಲಲಿಲ್ಲ. ಹಾಗಾಗಿ 20 ಅಂದರೆ 20. ಹಬ್ಬ, ಮದುವೆ ಅಂತ ನಡುವೆ ತಪ್ಪಿಸಬೇಡಿ.

ಕಡಿಮೆ ದಿನದಲ್ಲಿ ಅದು ಹೇಗೆ ಸಾಧ್ಯ? ಸ್ವಲ್ಪಸ್ವಲ್ಪವೇ ಕೊಟ್ಟರೆ ಪಕ್ಕದ ಒಳ್ಳೆಯ ಜೀವಕೋಶಗಳು ಮರುದಿನದೊಳಗೆ ಚೇತರಿಸಿಕೊಳ್ಳುತ್ತವೆ ಎಂಬುದು ಹಳೆಯ ಲೆಕ್ಕ. ಆದರೆ ಪ್ರಾಸ್ಟೇಟಿನ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದ್ದು. ಸಣ್ಣ ಪೆಟ್ಟು ಬಿದ್ದರೆ ಅದೂ ಸಾವರಿಸಿಕೊಂಡು ಏಳುತ್ತದೆ. ಪೆಟ್ಟು ಕೊಂಚ ದೊಡ್ಡದಾದರೆ ಏಳುವುದು ಕಷ್ಟ. ಅದಕ್ಕೇ ಒಟ್ಟು 74 ಗ್ರೇ ಮಾಡುತ್ತಿದ್ದ ಕೆಲಸವನ್ನು 60 ಗ್ರೇ ಮಾಡಿತು.

ಈಗ ಐದೇ ಸಲದಲ್ಲಿ ಮುಗಿಸುವ ಪದ್ಧತಿಯೂ ಇದೆ. 2024ರಲ್ಲಿ ಪ್ರಕಟವಾದ ‘ಪೇಸ್-ಬಿ’ ಅಧ್ಯಯನದಲ್ಲಿ ಅದೂ ದೀರ್ಘ ಚಿಕಿತ್ಸೆಗೆ ಸಮನಾಗಿ ನಿಂತಿತು. ಆದರೆ ಮೂತ್ರದ ತೊಂದರೆ ಅದರಲ್ಲಿ ತುಸು ಹೆಚ್ಚು ಕಂಡಿತು. ನಿಮ್ಮ ತಂದೆಗೆ ರಾತ್ರಿ ನಾಲ್ಕೈದು ಸಲ ಏಳುವ ಕಷ್ಟ ಮೊದಲಿನಿಂದಲೇ ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಇಪ್ಪತ್ತು ದಿನದ ಪದ್ಧತಿಯಲ್ಲಿ ಹೊಟ್ಟೆ, ಮೂತ್ರದ ಕಿರಿಕಿರಿ ಬೇಗ ಶುರುವಾಗಬಹುದು. ಗಾಬರಿ ಬೇಡ, ವಾರಗಳು ಕಳೆದಂತೆ ಬಹುಮಟ್ಟಿಗೆ ಇಳಿಯುತ್ತದೆ.

ನಮ್ಮ ಚಿಕ್ಕಪ್ಪನಿಗೆ ಹಿಂದೆ ಇದೇ ಕಾಯಿಲೆಗೆ 37 ಸಲ ಕರೆಂಟ್ ಕೊಟ್ಟಿದ್ದರು. ಊರಲ್ಲಿ ಅಡಿಕೆ ಕೊಯ್ಲು, ಇಲ್ಲಿ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಅವರು ಏಳೂವರೆ ವಾರ. ಚಿಕಿತ್ಸೆಗೆ ದಿನಕ್ಕೆ ಹತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು.

ನಿಮ್ಮ ತಂದೆ ರೂಮು ಹುಡುಕುವುದು ಬೇಡ. ನಮ್ಮ ಮನೆಯಿಂದ ಆಸ್ಪತ್ರೆಗೆ ಒಂದೇ ಬಸ್ಸು. ನಾಲ್ಕು ವಾರ ಇಲ್ಲೇ ಇರಲಿ. ತಾರೀಖು ಗೊತ್ತಾದೊಡನೆ ತಿಳಿಸಿ.

ಪ್ರೀತಿಯಿಂದ,
ನಿಮ್ಮವ