ಪದ್ಮಿನಿಯ ಉಬ್ಬಸ

ಇಟಲಿಯ ಸ್ಪೋರ್ಟ್ಸ್ ಕಾರು ಎಂದೊಡನೆ ಕಣ್ಣಿಗೆ ಬರುವುದು ಕೆಂಪು ಬಣ್ಣದ, ನೆಲಕ್ಕೆ ಒತ್ತಿಕೊಂಡಂತಿರುವ, ಸಿನಿಮಾದ ನಾಯಕರು ಮಾತ್ರ ಏರಬಲ್ಲ ಒಂದು ಐಷಾರಾಮಿ ವಸ್ತು. ಅದಕ್ಕೂ ವಯನಾಡಿನ ಒಬ್ಬ ಬ್ಯಾಂಕು ಗುಮಾಸ್ತನಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಉಂಟು. ಸುಲ್ತಾನ್ ಬತ್ತೇರಿಯ ಸಮೀಪ ನನ್ನ ಮನೆಯಂಗಳದಲ್ಲಿ ನಿಂತಿರುವ 1993ರ ಪ್ರೀಮಿಯರ್ ಪದ್ಮಿನಿ ಆ ವಂಶದ ಬಡ ದಾಯಾದಿ.

ವಂಶಾವಳಿಯನ್ನು ಸ್ವಲ್ಪ ಹೇಳಲೇಬೇಕು. ಫಿಯೆಟ್ ಕಂಪೆನಿ 1937ರಲ್ಲಿ 1089 ಸಿ.ಸಿ.ಯ ಒಂದು ಎಂಜಿನ್ನನ್ನು ಹೊರತಂದಿತು. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಆ ಕಾರಿನ ಬಿಡಿಭಾಗಗಳನ್ನು ಆಧಾರವಾಗಿಟ್ಟುಕೊಂಡೇ ಎಂಜೊ ಫೆರಾರಿ 1940ರಲ್ಲಿ ತನ್ನ ಸ್ವಂತದ ಮೊದಲ ಕಾರನ್ನು ಕಟ್ಟಿದ. ಆಲ್ಫಾ ರೋಮಿಯೊದೊಂದಿಗಿನ ಕರಾರಿನಿಂದಾಗಿ ಅದಕ್ಕೆ ತನ್ನ ಹೆಸರನ್ನು ಇಡುವಂತಿರಲಿಲ್ಲ. ಅದು ಬರಿಯ ‘815’ ಆಯಿತು. ಅಂಥ ಎರಡು ಕಾರುಗಳು ಆ ವರ್ಷದ ಮಿಲ್ಲೆ ಮಿಲ್ಯಾ ಓಟಕ್ಕೆ ಇಳಿದವು, ಎರಡೂ ಗುರಿ ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಅದೇ 1089 ಸಿ.ಸಿ. ಎಂಜಿನ್ನನ್ನು ಚುರುಕುಗೊಳಿಸಿ ಚಿಸಿತಾಲಿಯಾ 202 ಎಂಬ ಕಾರನ್ನು ಮಾಡಿದರು. ಪಿನಿನ್ ಫರಿನಾ ರೂಪಿಸಿದ ಅದರ ಮೈಕಟ್ಟು ಎಷ್ಟು ಚೆಂದವೆಂದರೆ, 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಅದನ್ನು ಶಿಲ್ಪದಂತೆ ಪ್ರದರ್ಶನಕ್ಕಿಟ್ಟರು.

ಆ ವಂಶದ ಒಂದು ಕವಲು ನಮ್ಮ ದೇಶಕ್ಕೆ ಬಂತು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಕಾರನ್ನು ತಯಾರಿಸತೊಡಗಿತು. 1964ರಲ್ಲಿ ಅದು ‘ಡಿಲೈಟ್’, 1974ರ ಸುಮಾರಿಗೆ ‘ಪದ್ಮಿನಿ’. ಹೆಸರು ಬದಲಾದರೂ ಎಂಜಿನ್ನಿನ ಅಳತೆ ಬದಲಾಗಲಿಲ್ಲ: ಅದೇ 68, ಅದೇ 75. ನ್ಯೂಯಾರ್ಕಿನಲ್ಲಿ ಶಿಲ್ಪವೆನಿಸಿಕೊಂಡ ಕಾರಿನ ಹೃದಯದ ಅಳತೆಯೇ ಮುಂಬಯಿಯ ಟ್ಯಾಕ್ಸಿಯಲ್ಲೂ ಮಿಡಿಯಿತು. ಹೊಸ ಶತಮಾನದ ಆರಂಭದಲ್ಲಿ ಪದ್ಮಿನಿಯ ತಯಾರಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ಇಪ್ಪತ್ತು ವರ್ಷದ ಅವಧಿ ತುಂಬಿ ರಸ್ತೆಯಿಂದ ಇಳಿಯಿತು.

ಸಾಲದ ಕಾಗದಗಳ ನಡುವೆ ಬದುಕುವ ನನಗೆ ಈ ಕಾರಿನ ಚರಿತ್ರೆಯಲ್ಲಿ ತುಂಬ ಮೆಚ್ಚುಗೆಯಾದ ಪುಟ ಬೇರೆಯೇ. 1964ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಒಂದು ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ. ಕೈಯಲ್ಲಿದ್ದದ್ದು 7,000. ಉಳಿದ 5,000ವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರಲ್ಲಿ ಅವರು ತೀರಿಕೊಂಡ ಬಳಿಕ ಆ ಸಾಲವನ್ನು ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಕಾರು ಇಂದಿಗೂ ದೆಹಲಿಯ ಅವರ ಸ್ಮಾರಕದಲ್ಲಿದೆ.

ನನ್ನ ಪದ್ಮಿನಿಗೆ ಸಾಲ ಕೊಡುವ ಬ್ಯಾಂಕು ಯಾವುದೂ ಇರಲಿಲ್ಲ. ಅಷ್ಟು ಹಳೆಯ ವಾಹನದ ಅರ್ಜಿ ನನ್ನ ಮೇಜಿಗೇ ಬಂದಿದ್ದರೆ ನಾನೂ ವಾಪಸು ಕಳಿಸುತ್ತಿದ್ದೆ. 2019ರಲ್ಲಿ ನಂಜನಗೂಡಿನ ಒಬ್ಬ ನಿವೃತ್ತ ಮೇಷ್ಟರು ಅದನ್ನು ಮಾರುತ್ತಾರೆಂದು ಸೋದರಮಾವ ತಿಳಿಸಿದರು. 60,000 ರೂಪಾಯಿಗೆ ಮಾತಾಯಿತು. ಮೈಸೂರಿನಿಂದ ನಿರಾಕ್ಷೇಪಣಾ ಪತ್ರ ತಂದು, ಕೇರಳದ ತೆರಿಗೆ ಕಟ್ಟಿ, ಕೆ.ಎ. 09 ಎಂದಿದ್ದ ಫಲಕ ಕೆ.ಎಲ್. 73 ಆಗುವಾಗ ನಾಲ್ಕು ತಿಂಗಳು. “ನಮ್ಮ ಮನೆತನ ಈ ಕಡೆಯದಾಗಲು ಮೂರು ತಲೆಮಾರು ಹಿಡಿಯಿತು, ಇದು ನಾಲ್ಕೇ ತಿಂಗಳಲ್ಲಿ ಆಗಿಬಿಟ್ಟಿತಲ್ಲ!” ಎಂದರು ನನ್ನ ತಾಯಿ.

ಕಾರನ್ನು ತಂದ ಮೇಲೆ ಅಸಲು ಕಥೆ. ರಬ್ಬರು ಚಾಪೆ ಎತ್ತಿದರೆ ಕಾಲಡಿಯ ತಗಡಿನಲ್ಲಿ ಅಂಗೈ ತೂರುವಷ್ಟು ತೂತು. ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡ ಗೇರಿನ ಹಿಡಿ ಎರಡನೆಯದಕ್ಕೆ ಹಾಕಿದರೆ ಎಲ್ಲಿಗೋ ಹೋಗುತ್ತಿತ್ತು. ನಾಲ್ಕು ಚಕ್ರಗಳ ಡ್ರಮ್ಮು ಬ್ರೇಕಿನಲ್ಲಿ ಎರಡು ಸೋರುತ್ತಿದ್ದವು. ಇದನ್ನು ಬಲ್ಲವರು ಯಾರೆಂದು ವಿಚಾರಿಸಿದಾಗ ಎಲ್ಲರೂ ತೋರಿಸಿದ್ದು ಒಬ್ಬರನ್ನೇ. ಇಲ್ಲಿ ಅವರನ್ನು ಆಶಾನ್ ಎನ್ನುತ್ತೇನೆ. ಮಲಯಾಳದಲ್ಲಿ ಗುರು ಎಂದೇ ಅರ್ಥ. ಆಗ ಅವರಿಗೆ ಎಪ್ಪತ್ತು. ಹರೆಯದಲ್ಲಿ ಮೈಸೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಮಾತಾಡುವುದು ಮಲಯಾಳ, ನಟ್ಟು ಬೋಲ್ಟು ಎಣಿಸುವುದು ಮಾತ್ರ ಕನ್ನಡದಲ್ಲಿ.

ಆಶಾನರ ಕೆಲಸದ ಕ್ರಮವೇ ಬೇರೆ. ಮೊದಲು ಎಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚಿ ಕೇಳುತ್ತಾರೆ. ಹೊಸ ಕಾರಿನಂತೆ ಇದಕ್ಕೆ ಕಂಪ್ಯೂಟರು ಜೋಡಿಸಿ ರೋಗ ಕಂಡುಹಿಡಿಯಲು ಬರುವುದಿಲ್ಲ. ಬೇಕಾದ ತಾಮ್ರದ ಬುಷ್ಷು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಬ್ರೇಕಿನ ಸಿಲಿಂಡರು ಮೈಸೂರಿನಲ್ಲಿ. ಎಲ್ಲಿಯೂ ಸಿಗದ್ದನ್ನು ಅವರೇ ಲೇತಿನಲ್ಲಿ ತಿರುವಿ ಮಾಡಿಸಿದರು. ಒಂದನೇ ಗೇರಿಗೆ ಸಿಂಕ್ರೊಮೆಶ್ ಇಲ್ಲ. ತಾಮರಶ್ಶೇರಿ ಚುರದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಹಲ್ಲಿಗೆ ಹಲ್ಲು ಕಚ್ಚದಂತೆ ಅದನ್ನು ಹಾಕುವ ಬಗೆಯನ್ನು ಪಕ್ಕದಲ್ಲಿ ಕೂತು ಹೇಳಿಕೊಟ್ಟರು: ಕ್ಲಚ್ಚು ಒತ್ತು, ನ್ಯೂಟ್ರಲ್ಲಿಗೆ ತಾ, ಬಿಡು, ಸ್ವಲ್ಪ ಪೆಟ್ರೋಲು ಕೊಡು, ಮತ್ತೆ ಒತ್ತಿ ಹಾಕು.

ಅವರ ಮಗ ಕೊಲ್ಲಿಯಲ್ಲಿದ್ದಾನೆ. ಅಂಗಡಿಯ ಹುಡುಗರು ಹೊಸ ಕಾರುಗಳ ಕೆಲಸಕ್ಕೆ ಹೋದರು. ಇವರ ಕೈಯಲ್ಲಿರುವುದು ಇವರ ಜೊತೆಗೇ ಹೋದೀತಲ್ಲ ಎಂಬ ಭಯದಿಂದ ನಾನೊಂದು ಉದ್ದನೆಯ ಲೆಕ್ಕದ ಪುಸ್ತಕ ಕೊಂಡೆ. ಭಾನುವಾರಗಳಲ್ಲಿ ಅವರು ಹೇಳಿದ್ದನ್ನು ಬಲಗಡೆಯ ಪುಟದಲ್ಲಿ ಮಲಯಾಳದಲ್ಲಿ ಬರೆದುಕೊಳ್ಳುವುದು ಹತ್ತು ವರ್ಷದ ನನ್ನ ಮಗಳು. ಶಾಲೆಯಲ್ಲಿ ಕಲಿತ ಲಿಪಿ ಅವಳಿಗೆ ಅದೊಂದೇ. ಎಡಗಡೆಯ ಪುಟದಲ್ಲಿ ಕನ್ನಡದಲ್ಲಿ ಬರೆಯುವುದು ನಾನು. ಈ ವಾರ್ಷಿಕದ ಹಾಗೆಯೇ ಎನ್ನಿ.

ಆಗ ನನಗೆ ಕಷ್ಟವಾದದ್ದು ಎಂಜಿನ್ನಲ್ಲ, ಪದಗಳು. ಅವರು ‘ತುರುಂಬ್’ ಎಂದರೆ ತುಕ್ಕು, ಅದು ಸುಲಭ. ಗೇರಿನ ಕೊಂಡಿ ಸಡಿಲಾಗಿ ಅಲ್ಲಾಡುವುದಕ್ಕೆ ‘ಆಟ್ಟಂ’ ಎಂದರು. ನಾನು ‘ಆಟ’ ಎಂದೇ ಬರೆದೆ. ಎರಡು ಭಾಷೆಯೂ ಒಂದೇ ತಾಯಿಯವು ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ? ಬಿಸಿಲಿನಲ್ಲಿ, ಏರಿನಲ್ಲಿ, ಗಾಡಿಗಳ ಸಾಲಿನಲ್ಲಿ ನಿಂತು ಎಂಜಿನ್ ಕಾದಾಗ ಪೆಟ್ರೋಲು ಕೊಳವೆಯೊಳಗೇ ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಕಾರು ಏದುಸಿರು ಬಿಟ್ಟು ನಿಲ್ಲುತ್ತದೆ. ಇದಕ್ಕೆ ಆಶಾನರ ಹೆಸರು ‘ಶ್ವಾಸಂ ಮುಟ್ಟಲ್’. ನಾನು ಯೋಚಿಸಿ ‘ಉಬ್ಬಸ’ ಎಂದು ಬರೆದೆ. ಮಗಳು ಆ ಒತ್ತಕ್ಷರವನ್ನು ಹತ್ತು ಸಲ ನಕಲು ಮಾಡಿದಳು. ಅವಳ ಕನ್ನಡ ಅಕ್ಷರಾಭ್ಯಾಸ ಶುರುವಾದದ್ದು ಹೀಗೆ, ಬಿಡಿಭಾಗಗಳ ಹೆಸರಿನಿಂದ.

2022ರ ಏಪ್ರಿಲಿನಲ್ಲಿ ಗುಂಡ್ಲುಪೇಟೆಯಲ್ಲಿ ಆ ಸೋದರಮಾವನ ಉತ್ತರಕ್ರಿಯೆ ಮುಗಿಸಿ ಬತ್ತೇರಿಗೆ ಹೊರಟಿದ್ದೆವು. ಬಂಡೀಪುರದ ಕಾಡಿನ ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ತೆರೆಯುವುದು ಬೆಳಿಗ್ಗೆ ಆರಕ್ಕೆ. ಗಡಿಯ ಎರಡೂ ಬದಿ ನೆಂಟರಿರುವ ನಮ್ಮಂಥವರ ಮದುವೆ, ಮರಣ, ಆಸ್ಪತ್ರೆ ಎಲ್ಲವೂ ಆ ಗಡಿಯಾರಕ್ಕೆ ಕಟ್ಟಿಕೊಂಡಿವೆ. ಮದ್ದೂರು ಗೇಟಿನ ಮುಂದೆ ಅವಸರದ ವಾಹನಗಳ ಸಾಲು. ಎಂಟೂ ಇಪ್ಪತ್ತೈದಕ್ಕೆ ಅದರ ನಡುವೆ ಪದ್ಮಿನಿಗೆ ಉಬ್ಬಸ ಬಂತು. ಹಿಂದಿನ ಸೀಟಿನಲ್ಲಿ ತಾಯಿ; ರಾತ್ರಿಯ ಇನ್ಸುಲಿನ್ ಮನೆಯ ಫ್ರಿಜ್ಜಿನಲ್ಲಿ. ನಾನು ಬಾನೆಟ್ ಎತ್ತಿದೆ. ಮಗಳು ಪುಸ್ತಕ ತೆಗೆದು ಮೊಬೈಲಿನ ಬೆಳಕಿನಲ್ಲಿ ಓದತೊಡಗಿದಳು. ಬಲಗಡೆಯ ಪುಟಕ್ಕೆ ಹಿಂದೊಮ್ಮೆ ಎಣ್ಣೆ ಚೆಲ್ಲಿ ಅಕ್ಷರ ಅಳಿಸಿಹೋಗಿತ್ತು. ಹಾಗಾಗಿ ಓದಿದ್ದು ಎಡಗಡೆಯದನ್ನು, ಕನ್ನಡದ್ದನ್ನು, ಅಕ್ಷರ ಕೂಡಿಸಿ ಕೂಡಿಸಿ: “ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಹತ್ತು ನಿಮಿಷ ಮುಟ್ಟಬೇಡಿ. ಚೋಕ್ ಎಳೆಯಬೇಡಿ.” ಕುಡಿಯುವ ನೀರೆಲ್ಲ ನನ್ನ ಟವಲಿಗೆ ಆಯಿತು. ನನಗೆ ಗೊತ್ತಿದ್ದ ಕ್ರಮವೇ; ಆದರೆ ಹಿಂದಿನಿಂದ ಹಾರ್ನುಗಳು ಕೂಗುವಾಗ ಹತ್ತು ನಿಮಿಷ ಕೈಕಟ್ಟಿ ನಿಲ್ಲಲು ಧೈರ್ಯ ಕೊಟ್ಟದ್ದು ಆ ಓದು. ಎಂಟೂ ನಲವತ್ತಕ್ಕೆ ಎಂಜಿನ್ ಹೊತ್ತಿಕೊಂಡಿತು, ಗೇಟು ದಾಟಿದೆವು. “ಕೂಸು ಕನ್ನಡ ಓದುತ್ತದಲ್ಲೋ” ಎಂದರು ತಾಯಿ, ಮೂಲೆಹೊಳೆ ದಾಟಿದ ಮೇಲೆ. ಮತ್ತೆ ಮನೆಯವರೆಗೂ ಮಾತಿಲ್ಲ.

ಲೆಕ್ಕ ಹೇಳದಿದ್ದರೆ ಗುಮಾಸ್ತನ ಬರಹವಾದೀತೆ? ಇದುವರೆಗೆ ರಿಪೇರಿಗೆ 1,14,000 ರೂಪಾಯಿ. ಕೊಂಡ ಬೆಲೆಯ ಹತ್ತಿರ ಹತ್ತಿರ ಇಮ್ಮಡಿ. 2023ರಲ್ಲಿ ನೋಂದಣಿ ನವೀಕರಿಸಲು ಶುಲ್ಕ 5,000 ಇತ್ತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದರು. 2028ರ ಸರದಿಗೆ ತಿಂಗಳಿಗಿಷ್ಟೆಂದು ತೆಗೆದಿಡುತ್ತಿದ್ದೇನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಹಳೆಯ ರಬ್ಬರನ್ನು ತಿನ್ನುವುದರಿಂದ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಿಯಾಯಿತು. ಈ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಮಾರುತಿ ಬರುತ್ತಿತ್ತೆಂದು ಹೆಂಡತಿ ಹೇಳುವುದುಂಟು. ಲೆಕ್ಕ ಸರಿಯಾಗಿಯೇ ಇದೆ.

2021ರ ನಿಯಮದಂತೆ ಐವತ್ತು ವರ್ಷ ತುಂಬಿದ ಕಾರಿಗೆ ‘ವಿಂಟೇಜ್’ ಎಂಬ ಮನ್ನಣೆಯೂ ಪ್ರತ್ಯೇಕ ನಂಬರೂ ಸಿಗುತ್ತದೆ. ನಮ್ಮದಕ್ಕೆ ಅದು 2043ರಲ್ಲಿ. ಆದರೆ ಆ ಮನ್ನಣೆ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೋ ರ‍್ಯಾಲಿಗೋ ತೆಗೆಯಬಹುದು, ಅಷ್ಟೆ. ನನಗೆ ಆ ಗೌರವ ಬೇಡವೆನಿಸುತ್ತದೆ. ತರಕಾರಿ ತರಲು, ತಾಯಿಯನ್ನು ಗುಂಡ್ಲುಪೇಟೆಗೆ ಕರೆದೊಯ್ಯಲು ಆಗುವಷ್ಟು ಕಾಲವೇ ಅದು ಕಾರು. ಮನೆಮಾತಿಗೂ ಈ ಮಾತು ಸಲ್ಲುತ್ತದೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಹೊರತೆಗೆದು ಒರೆಸಿಡುವ ಕನ್ನಡಕ್ಕಿಂತ, ತುಸು ಆಟ ಬಂದರೂ ದಿನವೂ ಓಡುವ ಕನ್ನಡ ವಾಸಿ.

ಆಶಾನರಿಗೆ ಈಗ ಕಣ್ಣಿನ ಪೊರೆ. ಕಿವಿ ಮಾತ್ರ ಚುರುಕಾಗಿದೆ. ಪುಸ್ತಕ 118ನೇ ಪುಟಕ್ಕೆ ಬಂದಿದೆ. ಎಣ್ಣೆ ಚೆಲ್ಲಿದ ಪುಟವನ್ನು ಮಗಳು ಎಡಗಡೆಯ ಕನ್ನಡವನ್ನು ನೋಡಿ ಮಲಯಾಳದಲ್ಲಿ ಮತ್ತೆ ಬರೆದಿದ್ದಾಳೆ. ನಮ್ಮ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಫಿಯೆಟ್ಟಿನ ಬಿಡಿಭಾಗಗಳಿದ್ದರೆ ದಯವಿಟ್ಟು ಗುಜರಿಗೆ ತೂಗಬೇಡಿ. ಪುಸ್ತಕದ ನಕಲು ಬೇಕಾದವರಿಗೆ ಮಾಡಿಕೊಡುತ್ತೇನೆ. ಎರಡೂ ಬದಿಯ ಪುಟಗಳನ್ನು ಒಟ್ಟಿಗೆ ಒಯ್ಯಬೇಕು, ಅದೊಂದೇ ಷರತ್ತು.